ನೂರು ಪುಟ, ಒಂದು ಗ್ಯಾರೇಜು

ವೀಸಾ ಕೌಂಟರಿನಲ್ಲಿ ನಾನು ಊರಿನ ಹೆಸರನ್ನು ‘ಚೆಮ್ನಿಟ್ಜ್’ ಅಂತ ಓದಿದ್ದೆ. ಅಲ್ಲಿದ್ದ ಹುಡುಗಿ ನಕ್ಕು ‘ಕೆಮ್ನಿಟ್ಸ್’ ಅಂತ ತಿದ್ದಿದಳು. ಹೆಸರು ಹೇಳಲೂ ಬಾರದ ಆ ಊರಿಗೆ ‘ಯುರೋಪಿನ ಸಾಂಸ್ಕೃತಿಕ ರಾಜಧಾನಿ’ ಅನ್ನೋ ಪಟ್ಟ ಸಿಗಲಿ ಅಂತ ಮುಂದೆ ನಾನೂ ಕುರ್ಚಿ ಹೊತ್ತೆ, ಕರಡು ಓದಿದೆ, ಒಬ್ಬ ಹಿರಿಯರಿಂದ ಬೈಸಿಕೊಂಡೆ. ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ನಾನು ಅಲ್ಲಿ ಇಳಿದದ್ದು 2018ರ ಅಕ್ಟೋಬರ್‌ನಲ್ಲಿ. ದಾವಣಗೆರೆಯಲ್ಲಿ ಎಂಜಿನಿಯರಿಂಗ್, ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ, ಆಮೇಲೆ ಎಂಬೆಡೆಡ್ ಸಿಸ್ಟಮ್ಸ್ ಓದಲು ಪೂರ್ವ ಜರ್ಮನಿಯ ಈ ಊರಿನ ತಾಂತ್ರಿಕ ವಿಶ್ವವಿದ್ಯಾಲಯ. ಬರುವ ಮೊದಲೇ ಊರು ಕುಖ್ಯಾತವಾಗಿತ್ತು. ಆಗಸ್ಟ್ 26ರಂದು ಊರ ಹಬ್ಬದ ಹೊತ್ತಿನಲ್ಲಿ ಒಬ್ಬನನ್ನು ಚಾಕುವಿನಿಂದ ಇರಿದು ಕೊಂದಿದ್ದರು. ಅದನ್ನೇ ನೆಪ ಮಾಡಿಕೊಂಡು ವಿದೇಶಿಯರನ್ನು ದ್ವೇಷಿಸುವ ಗುಂಪುಗಳು ಬೀದಿಗಿಳಿದವು. ಹೊರಗಿನವರಂತೆ ಕಂಡವರನ್ನು ಅಟ್ಟಿಸಿಕೊಂಡು ಹೋದ ವಿಡಿಯೊ ಜಗತ್ತೆಲ್ಲ ಸುತ್ತಿತು. ಇದಕ್ಕೆ ಉತ್ತರ ಅನ್ನುವಂತೆ ಸೆಪ್ಟೆಂಬರ್ 3ರಂದು ಅದೇ ಊರಿನಲ್ಲಿ ‘ನಾವೇ ಜಾಸ್ತಿ ಇದ್ದೇವೆ’ ಅನ್ನೋ ಹೆಸರಿನ ಸಂಗೀತ ಕಾರ್ಯಕ್ರಮಕ್ಕೆ 65,000 ಜನ ಸೇರಿದ್ದರು. ಆ ವಿಡಿಯೊ ಮಾತ್ರ ಅವ್ವನ ವಾಟ್ಸಾಪಿಗೆ ಬರಲಿಲ್ಲ.

‘ಏನಪ್ಪಾ, ಅಲ್ಲಿ ಹೊರಗಿನೋರನ್ನ ಅಟ್ಟಿಸ್ಕೊಂಡು ಹೊಡೀತಾರಂತಲ್ಲೋ?’

‘ಇಲ್ಲವ್ವಾ. ಇಲ್ಲಿ ಏಳು ಗಂಟೆ ಮೇಲೆ ಅಟ್ಟಿಸೋಕೂ ಜನ ಇರಲ್ಲ.’

ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವೇ. ಅಗಲವಾದ ರಸ್ತೆ, ದೊಡ್ಡ ದೊಡ್ಡ ಕಟ್ಟಡ, ಆದರೆ ಜನ ಇಲ್ಲ. ಎರಡನೇ ಮಹಾಯುದ್ಧದ ಬಾಂಬಿಗೆ ಹಳೇ ಪೇಟೆ ಪುಡಿಯಾಗಿತ್ತು. ಆಮೇಲೆ ಬಂದ ಕಮ್ಯುನಿಸ್ಟ್ ಸರಕಾರ 1953ರಲ್ಲಿ ಊರಿನ ಹೆಸರನ್ನೇ ಕಾರ್ಲ್ ಮಾರ್ಕ್ಸ್ ನಗರ ಅಂತ ಬದಲಿಸಿತು. ಮಾರ್ಕ್ಸ್ ಈ ಊರಿನವನೇನೂ ಅಲ್ಲ. 1971ರಲ್ಲಿ ಅವನ ತಲೆಯೊಂದನ್ನೇ ಏಳು ಮೀಟರ್ ಎತ್ತರಕ್ಕೆ ಕಂಚಿನಲ್ಲಿ ಮಾಡಿ ನಿಲ್ಲಿಸಿದರು. ಮೈಯಿಲ್ಲ, ಕೈಕಾಲಿಲ್ಲ, ತಲೆ ಅಷ್ಟೇ. 1990ರಲ್ಲಿ ಜನ ವೋಟು ಹಾಕಿ ಹಳೇ ಹೆಸರು ವಾಪಸ್ ತಂದರು. ತಲೆ ಮಾತ್ರ ಅಲ್ಲೇ ಉಳಿಯಿತು. ಜೊತೆಗೇ ಕಾರ್ಖಾನೆಗಳು ಸಾಲಾಗಿ ಮುಚ್ಚಿದವು, ಹುಡುಗ ಹುಡುಗಿಯರು ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ಹೋದರು. ಮೂರು ಲಕ್ಷ ದಾಟಿದ್ದ ಊರು ಎರಡೂವರೆ ಲಕ್ಷದ ಆಸುಪಾಸಿಗೆ ಬಂತು.

ಒಂದು ಕಾಲಕ್ಕೆ ಇದು ‘ಸ್ಯಾಕ್ಸನಿಯ ಮ್ಯಾಂಚೆಸ್ಟರ್’. ಸ್ಯಾಕ್ಸನಿ ಅಂದರೆ ಈ ಊರಿರುವ ರಾಜ್ಯ. ಬಟ್ಟೆ ಗಿರಣಿ, ಗಿರಣಿಗೆ ಬೇಕಾದ ಯಂತ್ರ, ರೈಲು ಎಂಜಿನ್, ಎಲ್ಲವೂ ಇಲ್ಲಿ ಆಗುತ್ತಿತ್ತು. ಇದನ್ನು ಓದಿದ ದಿನ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ನಾನು ಬಂದಿದ್ದೂ ‘ಕರ್ನಾಟಕದ ಮ್ಯಾಂಚೆಸ್ಟರ್’ನಿಂದಲೇ ಅಲ್ವಾ? ನನ್ನಜ್ಜ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಪಾಳಿ ಮಾಡಿದವನು. ಗಿರಣಿಯ ಕೂಗಿಗೆ ಓಣಿಯವರೆಲ್ಲ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ಕೂಗೂ ಇಲ್ಲ, ಗಿರಣಿಯೂ ಇಲ್ಲ.

2019ರ ವಸಂತದಲ್ಲಿ ಭಾಷೆ ಕಲಿಸುವ ಕೆಫೆಯೊಂದರ ಗೋಡೆಯಲ್ಲಿ ಒಂದು ಚೀಟಿ ನೋಡಿದೆ. ನಗರದ ಜನ ಕೂತು ಮಾತಾಡುವ ಸಭೆ, ಎಲ್ಲರೂ ಬನ್ನಿ, ಸೂಪ್ ಉಂಟು. ನಾನು ಹೋಗಿದ್ದು ಸೂಪಿಗೆ. ಇದರಲ್ಲಿ ನಾಚಿಕೆ ಏನಿಲ್ಲ, ವಿದ್ಯಾರ್ಥಿಗಳು ಎಲ್ಲಾ ಕಡೆ ಒಂದೇ.

ಪಟ್ಟದ ವಿಷಯ ನನಗೆ ಅರ್ಥವಾಗಿದ್ದು ಅಲ್ಲಿ. 1985ರಲ್ಲಿ ಗ್ರೀಸಿನ ಸಂಸ್ಕೃತಿ ಸಚಿವೆ ಮೆಲಿನಾ ಮರ್ಕೂರಿ ಹಾಕಿಕೊಟ್ಟ ಪದ್ಧತಿ ಇದು. ಮೊದಲ ಊರು ಅಥೆನ್ಸ್. ಪಟ್ಟ ಸಿಕ್ಕ ಊರು ಒಂದು ವರ್ಷವಿಡೀ ಸಾಂಸ್ಕೃತಿಕ ಕಾರ್ಯಕ್ರಮ ನಡೆಸಬೇಕು. ದೇಶಗಳಿಗೆ ಸರದಿ ಇರುತ್ತದೆ. 2025ಕ್ಕೆ ಜರ್ಮನಿ ಮತ್ತು ಸ್ಲೊವೇನಿಯಾ. ಜರ್ಮನಿಯಲ್ಲಿ ಎಂಟು ಊರು ಅರ್ಜಿ ಹಾಕಲು ಹೊರಟಿದ್ದವು: ಕೆಮ್ನಿಟ್ಸ್, ಡ್ರೆಸ್ಡನ್, ಗೇರಾ, ಹನೋವರ್, ಹಿಲ್ಡೆಸ್‌ಹೈಮ್, ಮ್ಯಾಗ್ಡೆಬರ್ಗ್, ನ್ಯೂರೆಂಬರ್ಗ್, ಸಿಟ್ಟಾವ್. ಮೊದಲ ಸುತ್ತಿಗೆ ಅರವತ್ತು ಪುಟದ ಅರ್ಜಿ, ಇಂಗ್ಲಿಷಿನಲ್ಲಿ. ಅದರಲ್ಲಿ ಪಾಸಾದರೆ ಎರಡನೇ ಸುತ್ತಿಗೆ ನೂರು ಪುಟ. ಬೇರೆ ಬೇರೆ ದೇಶಗಳ ತಜ್ಞರು ಓದಿ, ಊರಿನವರನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಗೆದ್ದರೆ ಯುರೋಪಿಯನ್ ಒಕ್ಕೂಟ ಕೊಡುವುದು 15 ಲಕ್ಷ ಯೂರೊ ಬಹುಮಾನ. ಇಡೀ ವರ್ಷದ ಖರ್ಚಿನ ಮುಂದೆ ಅದು ಒಗ್ಗರಣೆಗೆ ಸಾಸಿವೆ ಕೊಟ್ಟ ಹಾಗೆ. ಅಡುಗೆಯೆಲ್ಲ ಊರು, ರಾಜ್ಯ, ಕೇಂದ್ರ ಸೇರಿಕೊಂಡೇ ಮಾಡಬೇಕು.

ನಗೆಪಾಟಲಿನ ಮಾತು ಅಂದರೆ, ರಾಜಧಾನಿ ಆಗಲು ಹೊರಟ ಊರಿಗೆ ಆಗ ದೂರದ ರೈಲೇ ಇರಲಿಲ್ಲ. ಲೈಪ್ಸಿಗ್‌ನಲ್ಲಿ ಇಳಿದು, ಹಳೇ ಬೋಗಿಗಳ ಡೀಸೆಲ್ ಗಾಡಿಯಲ್ಲಿ ಒಂದು ಗಂಟೆ ಕುಲುಕಿಕೊಂಡು ಬರಬೇಕಿತ್ತು.

ಸಭೆಯಲ್ಲಿ ಮೇಜಿಗೆ ಆರು ಜನ. ‘ಈ ಊರಿನಲ್ಲಿ ಏನು ಕಮ್ಮಿ?’ ಅಂತ ಒಂದು ಪ್ರಶ್ನೆ. ನನ್ನ ಸರದಿ ಬಂದಾಗ, ನನಗೆ ಗೊತ್ತಿದ್ದ ಅರೆಬರೆ ಜರ್ಮನ್‌ನಲ್ಲಿ, ‘ಸಂಜೆ ಮೇಲೆ ಊರು ಸತ್ತುಹೋಗಿರುತ್ತದೆ’ ಅಂದುಬಿಟ್ಟೆ. ‘ಖಾಲಿ’ ಅನ್ನಬೇಕಿತ್ತು. ಬಾಯಿಗೆ ಬಂದಿದ್ದು ‘ಸತ್ತ’.

ಎದುರಿಗಿದ್ದ ಹಿರಿಯರು ಚಮಚ ಕೆಳಗಿಟ್ಟರು. ಎಪ್ಪತ್ತು ದಾಟಿದ ವಯಸ್ಸು, ಚೌಕಳಿ ಅಂಗಿ, ಲೇತ್ ಮುಂದೆ ನಿಂತೇ ಸವೆದ ಕೈ. ‘ನೋಡಿ ಸ್ವಾಮಿ, ಇಲ್ಲಿ ಜನ ಬೆಳಿಗ್ಗೆ ಪಾಳಿಗೆ ಏಳಬೇಕಿತ್ತು. ಅದಕ್ಕೇ ಸಂಜೆ ಮಲಗುತ್ತಿದ್ದರು’ ಅಂದರು. ಆಮೇಲೆ ಅಲ್ಲಿನ ಹಳೇ ಮಾತೊಂದನ್ನು ಎಸೆದರು: ಕೆಮ್ನಿಟ್ಸಿನಲ್ಲಿ ದುಡೀತಾರೆ, ಲೈಪ್ಸಿಗ್‌ನಲ್ಲಿ ವ್ಯಾಪಾರ ಮಾಡ್ತಾರೆ, ಡ್ರೆಸ್ಡನ್‌ನಲ್ಲಿ ಉಡಾಯಿಸ್ತಾರೆ. ಮೇಜಿನ ಸುತ್ತ ಎಲ್ಲರೂ ನಕ್ಕರು. ಅವರು ನಗಲಿಲ್ಲ. ನಾನು ಸೂಪು ಮುಗಿಸಿ, ಪ್ರಾಯಶ್ಚಿತ್ತ ಅನ್ನುವ ಹಾಗೆ ಕುರ್ಚಿಗಳನ್ನು ಒಳಗೆ ಇಟ್ಟೆ. ಹಾಗೇ ಸ್ವಯಂಸೇವಕನಾದೆ.

ಆ ಬೇಸಿಗೆಯಿಡೀ ನನ್ನದು ಚಿಲ್ಲರೆ ಕೆಲಸ. ಕರಪತ್ರ ಹಂಚುವುದು, ಸಭೆಗೆ ಬೆಂಚು ಜೋಡಿಸುವುದು, ಮತ್ತೆ ಕೆಲವು ಇಂಗ್ಲಿಷ್ ಪುಟಗಳನ್ನು ಓದಿ ಹೊರಗಿನವನಿಗೆ ಅರ್ಥವಾಗುತ್ತದಾ ಅಂತ ಹೇಳುವುದು. ಓದುತ್ತಾ ಓದುತ್ತಾ ಗಾಬರಿಯಾಯಿತು. ಅರ್ಜಿಯಲ್ಲಿ ಊರಿನ ಹುಳುಕೆಲ್ಲ ಮೊದಲೇ ಇದೆ! 2018ರ ಗಲಾಟೆ ಇದೆ. ಜನ ಬಿಟ್ಟುಹೋದದ್ದು ಇದೆ. ಹತ್ತು ಜನರನ್ನು ಕೊಂದ ನವನಾಜಿ ಗುಂಪು ಒಂದು ಕಾಲದಲ್ಲಿ ಇದೇ ಊರಿನಲ್ಲಿ ಅಡಗಿದ್ದ ಕಥೆ ಎಲ್ಲರಿಗೂ ಗೊತ್ತು, ಅದನ್ನೂ ಮುಚ್ಚಿಡುವ ಮನಸ್ಸು ಯಾರಿಗೂ ಇರಲಿಲ್ಲ.

ನಮ್ಮ ಕಡೆ ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇವರು ಗಂಡು ನೋಡಲು ಬಂದವರ ಮುಂದೆ ಉಪ್ಪಿಟ್ಟು ಇಡುವ ಮೊದಲೇ ‘ಹುಡುಗನಿಗೆ ಕೆಲಸ ಇಲ್ಲ, ಅವರಪ್ಪ ಜಗಳಗಂಟ’ ಅಂತ ಶುರು ಮಾಡಿದ್ದರು. ಕೇಳಿದ್ದಕ್ಕೆ ತಂಡದ ಒಬ್ಬಾಕೆ ಹೇಳಿದಳು: ‘ಚೆಂದ ಇರೋ ಊರಿಗೆ ಈ ಪಟ್ಟ ಯಾಕೆ ಬೇಕು? ನಮ್ಮ ಕಾಯಿಲೆ ಯುರೋಪಿನ ಎಷ್ಟೋ ಊರಿಗೆ ಇದೆ. ನಾವು ಅದನ್ನ ಹೆಸರಿಟ್ಟು ಹೇಳ್ತಿದೀವಿ, ಅಷ್ಟೇ.’ ಕ್ಯಾಂಪಸ್ ಇಂಟರ್‌ವ್ಯೂಗೆ ಬ್ಯಾಕ್‌ಲಾಗ್ ಬಚ್ಚಿಟ್ಟು ಬೆಳೆದವನಿಗೆ ಇದು ನುಂಗಲು ಸ್ವಲ್ಪ ಹೊತ್ತು ಹಿಡಿಯಿತು.

ಆ ಪುಟಗಳಲ್ಲಿ ಪದೇ ಪದೇ ಬರುತ್ತಿದ್ದ ಇನ್ನೊಂದು ಮಾತು ‘ನಡುವಿನ ಮೌನದ ಮಂದಿ’. ಬೀದಿಯಲ್ಲಿ ಕೂಗುವವರೂ ಅಲ್ಲ, ಅವರ ವಿರುದ್ಧ ಹಾಡುವವರೂ ಅಲ್ಲ. ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತ ಬಹಳಷ್ಟು ಜನ. ಅವರನ್ನು ಹೊರಗೆ ಕರೆಯುವುದು ಹೇಗೆ? ಒಪೆರಾಕ್ಕೆ ಕರೆದರೆ ಬರಲ್ಲ. ಅವರು ಎಲ್ಲಿರುತ್ತಾರೆ ಅಂತ ನೋಡಿದರೆ, ಗ್ಯಾರೇಜಿನಲ್ಲಿ.

ಈ ಯೋಚನೆ ನನ್ನದಲ್ಲ, ಅಷ್ಟು ಬುದ್ಧಿ ನನಗಿಲ್ಲ. ಆದರೆ ಅದನ್ನು ಕಣ್ಣಾರೆ ಕಂಡೆ. ಸೆಪ್ಟೆಂಬರಿನಲ್ಲಿ ಅರ್ಜಿ ಹೋದ ಮೇಲೆ ಇನ್ನೊಂದು ಸಭೆಯಲ್ಲಿ ಅದೇ ಹಿರಿಯರು ಸಿಕ್ಕರು. ‘ಸತ್ತ ಊರಿನವನು ಬಂದ’ ಅಂದರು. ನಾನು ತಪ್ಪಾಯ್ತು ಅಂದೆ, ನನ್ನೂರಿನ ಗಿರಣಿ ಕಥೆಯನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಶನಿವಾರ ಹತ್ತು ಗಂಟೆಗೆ ಬನ್ನಿ. ಹತ್ತು ಅಂದರೆ ಹತ್ತು’ ಅಂದರು.

ಅಪಾರ್ಟ್‌ಮೆಂಟುಗಳ ಹಿಂದೆ ಗ್ಯಾರೇಜುಗಳ ಸಾಲು. ಒಂದಕ್ಕೊಂದು ಅಂಟಿಕೊಂಡು, ಕಂದು ಬಣ್ಣದ ಎರಡು ರೆಕ್ಕೆಯ ಮರದ ಬಾಗಿಲು, ಮೇಲೆ ತಗಡಿನ ನಂಬರು. ಎಪ್ಪತ್ತರ ದಶಕದಲ್ಲಿ ಇವರೇ ನೆರೆಹೊರೆಯವರ ಜೊತೆ ಸೇರಿ ಭಾನುವಾರಗಳಲ್ಲಿ ಇಟ್ಟಿಗೆ ಇಟ್ಟು ಕಟ್ಟಿದ್ದು. ಯಾರು ಎಷ್ಟು ಗಂಟೆ ದುಡಿದರು ಅನ್ನೋ ಲೆಕ್ಕದ ಪುಸ್ತಕವೂ ಇತ್ತಂತೆ. ಬಾಗಿಲು ತೆಗೆದ ಕೂಡಲೇ ಪೆಟ್ರೋಲು, ಎಣ್ಣೆ, ರಬ್ಬರಿನ ವಾಸನೆ. ಹಲಗೆಯ ಅಡಿಗೆ ಜಾಮ್ ಬಾಟಲಿಗಳ ಮುಚ್ಚಳ ಹೊಡೆದು, ಬಾಟಲಿಗಳನ್ನು ಕೆಳಗಿನಿಂದ ತಿರುಗಿಸಿ ನೇತುಹಾಕಿದ್ದರು. ಒಂದೊಂದರಲ್ಲಿ ಒಂದೊಂದು ಅಳತೆಯ ಸ್ಕ್ರೂ. ಮೂಲೆಯಲ್ಲಿ ಸಿಮ್ಸನ್ ಮೊಪೆಡ್. ನಡುವೆ ಒಂದು ಟ್ರಾಬಂಟ್ ಕಾರು, ಮಾಸಲು ನೀಲಿ.

‘ಮಗಳು ಹುಟ್ಟಿದಾಗ ಕಾರಿಗೆ ಅಂತ ಹೆಸರು ಬರೆಸಿದ್ದು. ಅವಳು ಏಳನೇ ಕ್ಲಾಸಿಗೆ ಬಂದಾಗ ಕಾರು ಬಂತು’ ಅಂದರು. ‘ತಟ್ಟಿ ನೋಡಿ.’

ಬಾನೆಟ್ಟಿನ ಮೇಲೆ ಬೆರಳು ತಟ್ಟಿದೆ. ಠಣ್ ಅನ್ನಲಿಲ್ಲ. ರಟ್ಟಿನ ಪೆಟ್ಟಿಗೆ ಬಡಿದ ಹಾಗೆ ಟಪ್ ಟಪ್ ಅಂತು.

‘ಹತ್ತಿ’ ಅಂದರು.

ಹೌದು. ಪೂರ್ವ ಜರ್ಮನಿಗೆ ಉಕ್ಕಿನ ಬರ. ಹಾಗಾಗಿ ಪಕ್ಕದ ಸ್ವಿಕಾವ್‌ನಲ್ಲಿ ಮಾಡುತ್ತಿದ್ದ ಈ ಕಾರಿಗೆ ಹತ್ತಿ ಗಿರಣಿಯ ಕಸವನ್ನು ರಾಳದ ಜೊತೆ ಸೇರಿಸಿ, ಬಿಸಿ ಮಾಡಿ ಒತ್ತಿ ಮೈ ಮಾಡುತ್ತಿದ್ದರು. ಅಜ್ಜ ಪಾಳಿ ಮುಗಿಸಿ ಬಂದಾಗ ಅವನ ಹುಬ್ಬಿನ ಮೇಲೆ, ಕಿವಿಯ ಕೂದಲಿನಲ್ಲಿ ಹತ್ತಿಯ ಎಳೆ ಕೂತಿರುತ್ತಿತ್ತು ಅಂತ ಅವ್ವ ಹೇಳುತ್ತಿದ್ದಳು. ಆ ಎಳೆಯಿಂದಲೂ ಕಾರು ಮಾಡಬಹುದಿತ್ತು ಅಂತ ಅಜ್ಜನಿಗೆ ಯಾರೂ ಹೇಳಿರಲಿಲ್ಲ. ನಾನು ಇನ್ನೊಂದು ಸಲ ತಟ್ಟಿದೆ. ಅವರು ಬೇಡ ಅನ್ನಲಿಲ್ಲ.

ಆಮೇಲೆ ಕ್ರೇಟಿನಿಂದ ಎರಡು ಬಿಯರ್ ತೆಗೆದು, ‘ಇನ್ನು ಮೇಲೆ ನನಗೆ ನೀನು ಅನ್ನು’ ಅಂದರು. ಜರ್ಮನರಲ್ಲಿ ಅದು ದೊಡ್ಡ ಮಾತು, ಹಿರಿಯರೇ ಮೊದಲು ಹೇಳಬೇಕು. ನನಗೆ ನಾಲಿಗೆ ಏಳಲಿಲ್ಲ. ನಮ್ಮಲ್ಲಿ ಹಾಗೆ ಕರೆದರೆ ಕೆನ್ನೆಗೆ ಬೀಳುತ್ತದೆ. ಇವತ್ತಿಗೂ ಬಾಯಲ್ಲಿ ‘ನೀನು’, ಮನಸ್ಸಿನಲ್ಲಿ ‘ನೀವು’.

1990ರ ನಂತರ ಅವರ ಕಾರ್ಖಾನೆ ಮುಚ್ಚಿತು. ಮಗಳು ಪಶ್ಚಿಮಕ್ಕೆ ಹೋದಳು. ಇವರು ಓಣಿಯವರ ಮೊಪೆಡ್ ರಿಪೇರಿ ಮಾಡುತ್ತಾ ಇಲ್ಲೇ ಉಳಿದರು. ‘ಇದನ್ನ ಸಂಸ್ಕೃತಿ ಅಂತಾರಂತೆ ಈಗ’ ಅಂತ ಗೊಣಗಿದರು. ಗೊಣಗುವುದು ಅಲ್ಲಿ ಸಂತೋಷದ ಲಕ್ಷಣ ಅಂತ ನನಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ಡಿಸೆಂಬರ್ 12ಕ್ಕೆ ಮೊದಲ ಸುತ್ತಿನ ಫಲಿತಾಂಶ. ಕೆಮ್ನಿಟ್ಸ್, ಹನೋವರ್, ಹಿಲ್ಡೆಸ್‌ಹೈಮ್, ಮ್ಯಾಗ್ಡೆಬರ್ಗ್, ನ್ಯೂರೆಂಬರ್ಗ್ ಐದು ಒಳಗೆ. ಡ್ರೆಸ್ಡನ್ ಹೊರಗೆ! ಅರಮನೆ, ಒಪೆರಾ, ಚಿತ್ರಶಾಲೆ ಎಲ್ಲ ಇಟ್ಟುಕೊಂಡು ಮೆರೆಯುವ ಡ್ರೆಸ್ಡನ್. ನಿಜ ಹೇಳಬೇಕಂದರೆ, ತಾವು ಒಳಗೆ ಬಂದದ್ದಕ್ಕಿಂತ ಅದಕ್ಕೇ ಜಾಸ್ತಿ ಖುಷಿಪಟ್ಟವರನ್ನು ನಾನು ಅವತ್ತು ಟ್ರಾಮಿನಲ್ಲಿ ನೋಡಿದೆ. ಚಿತ್ರದುರ್ಗ ಜಿಲ್ಲೆಯಿಂದ ಬೇರೆಯಾಗಲು 1997ರ ತನಕ ಕಾದ ಊರಿನವನಿಗೆ ಈ ಖುಷಿ ಅರ್ಥವಾಗದೆ ಇರುತ್ತದಾ?

ಎರಡನೇ ಸುತ್ತಿನಲ್ಲಿ ಸುತ್ತಲಿನ ಸೀಮೆಯ ಕೆಲಸ ಜಾಸ್ತಿಯಾಯಿತು. ಕೆಮ್ನಿಟ್ಸ್ ಒಬ್ಬಂಟಿಯಾಗಿ ನಿಂತಿರಲಿಲ್ಲ. ಸುತ್ತಮುತ್ತಲಿನ ಪಟ್ಟಣ, ಹಳ್ಳಿಗಳೂ ಜೊತೆಗೆ ಬಂದವು. ಕೊನೆಗೆ ಲೆಕ್ಕ 38ಕ್ಕೆ ನಿಂತಿತು. ಹಿಂದೆ 2010ರಲ್ಲಿ ಪಶ್ಚಿಮ ಜರ್ಮನಿಯ ಎಸ್ಸೆನ್ ಊರು ಕೂಡ ಇಡೀ ರೂರ್ ಸೀಮೆಯನ್ನು ಹೀಗೇ ಕಟ್ಟಿಕೊಂಡು ಗೆದ್ದಿತ್ತು. ದಕ್ಷಿಣಕ್ಕೆ ಎರ್ಟ್ಸ್‌ಗೆಬಿರ್ಗ ಅನ್ನೋ ಗಣಿಬೆಟ್ಟಗಳಿವೆ. ಬೆಳ್ಳಿ, ತವರ ತೆಗೆದ ಸೀಮೆ. 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅಲ್ಲಿನ ಜನ ಈಗಲೂ ನಮಸ್ಕಾರದ ಬದಲು ಗಣಿಯವರ ‘ಗ್ಲುಕ್ ಆವುಫ್’ ಅನ್ನುತ್ತಾರೆ, ಅದೃಷ್ಟ ಜೊತೆಗಿರಲಿ ಅಂತ.

ಆ ಡಿಸೆಂಬರಿನಲ್ಲೇ ಅಲ್ಲಿನ ಒಂದು ಹಳ್ಳಿಗೆ ಪೋಸ್ಟರಿನ ಡಬ್ಬ ಹೊತ್ತು ಹೋಗಿದ್ದೆ. ಮೊಣಕಾಲುದ್ದ ಹಿಮ. ಒಂದೊಂದು ಕಿಟಕಿಯಲ್ಲೂ ಕಮಾನಿನಂಥ ಮರದ ದೀಪಮಾಲೆ. ಚಳಿಗಾಲದಲ್ಲಿ ಕತ್ತಲಿರುವಾಗಲೇ ಗಣಿಗಿಳಿದು, ಕತ್ತಲಾದ ಮೇಲೆ ಮೇಲೆ ಬರುವವರ ಬಾಳಿನಲ್ಲಿ ಬೆಳಕು ಅಂದರೆ ಇದೇ. ಕಾರ್ತೀಕದ ದೇವಸ್ಥಾನ ನೋಡಿದ ಹಾಗಾಯಿತು. ಸಭೆ ಅಷ್ಟು ಚೆಂದ ಇರಲಿಲ್ಲ. ‘ಪಟ್ಟ ಪೇಟೆಗೆ, ಪೋಸ್ಟರು ನಮಗೆ, ಅಲ್ವಾ?’ ಅಂತ ಒಬ್ಬರು ನೇರವಾಗಿ ಕೇಳಿದರು. ನನ್ನ ಕೈಯಲ್ಲಿ ಆಗ ಇದ್ದದ್ದೂ ಪೋಸ್ಟರೇ. ಅವರ ಅನುಮಾನ ಸುಳ್ಳು ಅಂತ ನನಗೆ ಅನ್ನಿಸಲಿಲ್ಲ. ಆಮೇಲೆ ಪೇಟೆಗೂ ಹಳ್ಳಿಗಳಿಗೂ ಸೇರಿಸಿ ಕಲಾಕೃತಿಗಳ ‘ಪರ್ಪಲ್ ಪಾತ್’ ಅನ್ನೋ ದಾರಿ ಯೋಜನೆಗೆ ಬಂದಾಗ ಆ ಮನುಷ್ಯನ ನೆನಪಾಯಿತು.

ಮಾರ್ಚಿನಲ್ಲಿ ಕೊರೊನಾ ಬಂತು. ಸಭೆಗಳೆಲ್ಲ ಲ್ಯಾಪ್‌ಟಾಪಿಗೆ ಹೋದವು, ನಾನು ಹಾಸ್ಟೆಲ್ ರೂಮಿನಲ್ಲಿ ಪ್ರಾಜೆಕ್ಟ್ ವರದಿ ಬರೆಯುತ್ತಾ ಕೂತೆ. ಹಿರಿಯರಿಗೆ ವಾರಕ್ಕೊಮ್ಮೆ ಅಂಗಡಿ ಸಾಮಾನು ತಂದು ಬಾಗಿಲಲ್ಲಿಟ್ಟು ಬರುತ್ತಿದ್ದೆ. ಎರಡನೇ ಅರ್ಜಿಗೆ ‘ಸಿ ದ ಅನ್‌ಸೀನ್’ ಅಂತ ಹೆಸರಿಟ್ಟರು. ‘ಸಿ’ ಅಂದರೆ ಊರಿನ ಹೆಸರಿನ ಮೊದಲ ಅಕ್ಷರವೂ ಹೌದು, ‘ನೋಡು’ ಅಂತಲೂ ಹೌದು. ಕಾಣದ್ದನ್ನು ಕಾಣು. ಗ್ಯಾರೇಜುಗಳನ್ನೇ ಜನ ಸೇರುವ ಜಾಗ ಮಾಡುವ ‘ಮೂರು ಸಾವಿರ ಗ್ಯಾರೇಜು’ ಯೋಜನೆಯೂ ಅದರಲ್ಲಿತ್ತು. ತೀರ್ಪುಗಾರರು ಊರಿಗೆ ಬರಲಾಗಲಿಲ್ಲ, ಎಲ್ಲವನ್ನೂ ಪರದೆಯ ಮೇಲೇ ತೋರಿಸಬೇಕಾಯಿತು.

ಅಕ್ಟೋಬರ್ 28, 2020. ಹಾಸ್ಟೆಲಿನ ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನೇರಪ್ರಸಾರ ನೋಡುತ್ತಿದ್ದೆ. ಅದೇ ದಿನ ಮತ್ತೆ ಲಾಕ್‌ಡೌನ್ ಮಾಡುವ ಬಗ್ಗೆ ಆಗಿನ ಚಾನ್ಸೆಲರ್ ಮರ್ಕೆಲ್ ರಾಜ್ಯಗಳ ಮುಖ್ಯಸ್ಥರ ಜೊತೆ ಕೂತಿದ್ದರು. ದೇಶಕ್ಕೆ ಅದೇ ಚಿಂತೆ. ನನ್ನ ಗೆಳೆಯರೆಲ್ಲ ನ್ಯೂರೆಂಬರ್ಗ್, ಇಲ್ಲಾ ಹನೋವರ್ ಅಂದಿದ್ದರು. ಪರದೆಯಲ್ಲಿ ‘ಕೆಮ್ನಿಟ್ಸ್’ ಅಂದದ್ದು ಸರಿಯಾಗಿ ಮೂರನೇ ವಿಸಿಲ್ಲಿನ ಹೊತ್ತಿಗೆ. ಅರ್ಧ ಹೆಸರು ಕೇಳಲೇ ಇಲ್ಲ. ಪಕ್ಕದ ರೂಮಿನಿಂದ ಯಾರೋ ಕಿರುಚಿದ ಮೇಲೆ ಗೊತ್ತಾಯಿತು.

ಹಿರಿಯರಿಗೆ ಫೋನ್ ಮಾಡಿದೆ.

‘ಗೆದ್ವಿ!’

‘ನೂ’ ಅಂದರು. ಸ್ಯಾಕ್ಸನಿಯಲ್ಲಿ ಹೌದು ಅನ್ನಲು ‘ನೂ’ ಅಂತಾರೆ. ನಮ್ಮ ‘ಹ್ಞೂಂ’ ಇದ್ದ ಹಾಗೆ, ಸಿಟ್ಟಿಗೂ ಅದೇ, ಖುಷಿಗೂ ಅದೇ. ಆಮೇಲೆ ಬಹಳ ಹೊತ್ತು ಮಾತಿಲ್ಲ. ಮೂಗು ಸೀಟಿದ ಸದ್ದು ಕೇಳಿಸಿತು. ‘ಈಗ ರೈಲು ಬಿಡ್ತಾರೇನು ನೋಡೋಣ’ ಅಂದರು.

ಅಧಿಕೃತ ಮುದ್ರೆ ಬಿದ್ದದ್ದು 2021ರ ಜನವರಿಯಲ್ಲಿ. ಅಷ್ಟರಲ್ಲಿ ನಾನು ಕೆಲಸಕ್ಕೆ ಅಂತ ಪಶ್ಚಿಮಕ್ಕೆ ಹೊರಟಿದ್ದೆ. ಎಲ್ಲಾ ಹುಡುಗರು ಮಾಡಿದ್ದನ್ನೇ ನಾನೂ ಮಾಡಿದೆ. ಹಿರಿಯರು ಏನೂ ಅನ್ನಲಿಲ್ಲ, ಸೈಕಲ್ಲಿಗೆ ಎಣ್ಣೆ ಹಾಕಿಕೊಟ್ಟರು. 2022ರಲ್ಲಿ ಬರ್ಲಿನ್‌ಗೆ ನೇರ ರೈಲು ಶುರುವಾದಾಗ ಟೈಮ್‌ಟೇಬಲ್ಲಿನ ಫೋಟೊ ಕಳಿಸಿದ್ದರು, ಒಂದು ಮಾತೂ ಬರೆಯದೆ.

2025ರ ಜನವರಿ 18ರ ಉದ್ಘಾಟನೆಗೆ ರಜೆ ಸಿಗಲಿಲ್ಲ. ಜೂನಿನಲ್ಲಿ ಹೋದೆ. ಗ್ಯಾರೇಜಿನ ಎರಡೂ ರೆಕ್ಕೆ ತೆರೆದಿತ್ತು. ಎಲ್ಲಿಂದಲೋ ಬಂದ ನಾಲ್ಕೈದು ಜನ ಟ್ರಾಬಂಟ್ ಸುತ್ತ ನಿಂತಿದ್ದರು. ಇವರು ಕುರ್ಚಿಯಿಂದ ಏಳದೆ, ‘ತಟ್ಟಿ ನೋಡಿ’ ಅನ್ನುತ್ತಿದ್ದರು. ಅವರು ತಟ್ಟುತ್ತಿದ್ದರು. ಟಪ್ ಟಪ್. ನನ್ನನ್ನು ನೋಡಿ, ‘ಇವನ ಊರಲ್ಲೂ ಹತ್ತಿ ಗಿರಣಿ ಇತ್ತು. ಕೇಳಿ ಬೇಕಾದ್ರೆ’ ಅಂತ ಅವರಿಗೆ ತೋರಿಸಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಜ್ಜನ ಹುಬ್ಬಿನ ಕಥೆ ಶುರು ಮಾಡಿದೆ.

‘ಅದಿರಲಿ, ಮೊದಲು ಕಾಲು ಒರೆಸ್ಕೊಂಡು ಒಳಗೆ ಬಾ’ ಅಂದರು.